ಡಿಜಿಆರ್ ಸರ್ಟಿಫಿಕೇಟ್ ಸ್ವಂತ ದುಡ್ಡು ಕೊಟ್ಟು ಮಾಡಿಸಿಕೊಳ್ಳಬೇಕಾ? (ಬಜಪೆ ಏರ್‌ಪೋರ್ಟ್, ಗ್ರೌಂಡ್ ಸ್ಟಾಫ್ ಕೆಲಸ)

ಕಾಪು ಬೀಚ್

ಎಲ್ಲರಿಗೂ ನಮಸ್ಕಾರ. ಬಿ.ಕಾಂ. ಮುಗಿಸಿ ಮಂಗಳೂರಿನ ಒಂದು ಏವಿಯೇಷನ್ ಇನ್‌ಸ್ಟಿಟ್ಯೂಟ್‌ನಲ್ಲಿ ಗ್ರೌಂಡ್ ಸ್ಟಾಫ್ ಕೋರ್ಸಿಗೆ ಸೇರಿದ್ದೇನೆ. ಫೀಸು ಕಟ್ಟಿ ಆಗಿದೆ. ಈಗ ‘ಡಿಜಿಆರ್’ ಅಂತ ಬೇರೆ ಸರ್ಟಿಫಿಕೇಟ್ ಉಂಟು, ಅದಕ್ಕೆ ಪ್ರತ್ಯೇಕ ದುಡ್ಡು, ಅದಿಲ್ಲದಿದ್ದರೆ ಇಂಟರ್‌ವ್ಯೂಗೇ ಕರೆಯುವುದಿಲ್ಲ ಅನ್ನುತ್ತಿದ್ದಾರೆ. ‘ಮತ್ತೆ ಎಂಥ ದುಡ್ಡು?’ ಅಂತ ಅಪ್ಪ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ.

ಇದನ್ನು ಕೆಲಸ ಸಿಗುವ ಮೊದಲೇ ಮಾಡಿಸಿಕೊಳ್ಳಬೇಕಾ? ಅದರಲ್ಲಿ ಕಲಿಸುವುದಾದರೂ ಏನು? ಈಗ ಕ್ಲಾಸಿನಲ್ಲಿ ಬಣ್ಣ ಬಣ್ಣದ ಲೇಬಲ್‌ಗಳ ಚಾರ್ಟ್ ತೋರಿಸಿ ಬಾಯಿಪಾಠ ಮಾಡಿ ಅಂದಿದ್ದಾರೆ. ಚೆಕ್‌ಇನ್ ಕೌಂಟರಿನಲ್ಲಿ ಕೂರುವವಳಿಗೆ ವಿಕಿರಣದ ಲೇಬಲ್ ಯಾಕೆ ಅಂತ ನನಗೆ ಅರ್ಥವೇ ಆಗಿಲ್ಲ.

ಕುಂದಾಪುರ ಲೋಕಲ್

ಕಟ್ಟಬೇಡ ತಂಗಿ. ನನ್ನ ದೋಸ್ತಿ ಒಬ್ಬ ಮಾಡಿಕೊಂಡಿದ್ದ. ಪರೀಕ್ಷೆ ಪುಸ್ತಕ ನೋಡಿಕೊಂಡೇ ಬರೆಯುವುದಂತೆ! ಪುಸ್ತಕ ನೋಡಿ ಬರೆಯುವುದಕ್ಕೆ ಪರೀಕ್ಷೆ ಅಂತ ಯಾರಾದರೂ ಹೇಳುತ್ತಾರಾ ಮಾರಾಯ್ರೆ? ಎಲ್ಲಾ ಸುಮ್ನೆ ಫಾರ್ಮಾಲಿಟಿ.

ಬಜಪೆ ಹಳಬ

ತಂಗಿ, ನಾನು ಈ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಮೊದಲು ರ‍್ಯಾಂಪ್ (ವಿಮಾನ ನಿಲ್ಲುವ ಜಾಗದ ಕೆಲಸ), ಆಮೇಲೆ ಕಾರ್ಗೋ, ಕೊನೆಗೆ ತರಬೇತಿ ಕೊಡುವುದು. ಈಗ ರಿಟೈರ್ ಆಗಿ ಮನೆಯಲ್ಲಿದ್ದೇನೆ. ಹಾಗಾಗಿ ಬರೆಯಲು ಪುರುಸೊತ್ತುಂಟು.

ಮೊದಲು ದುಡ್ಡಿನ ವಿಷಯ. ಡಿಜಿಆರ್ ಅಂದರೆ ವಿಮಾನದಲ್ಲಿ ಅಪಾಯಕಾರಿ ವಸ್ತು ಸಾಗಿಸುವ ನಿಯಮಗಳ ಪುಸ್ತಕ. ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ ಐಎಟಿಎ ಪ್ರತಿ ವರ್ಷ ಹೊಸದು ಹೊರಡಿಸುತ್ತದೆ, ಜನವರಿ 1ರಿಂದ ಜಾರಿ. ಅದರ ಬೇರು ಇರುವುದು ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಸಿಎಒದ ಅನುಬಂಧ 18ರಲ್ಲಿ. ನಮ್ಮ ದೇಶದಲ್ಲಿ ಇದಕ್ಕೆಂದೇ 2003ರಲ್ಲಿ ನಿಯಮ ಬಂತು, ನೋಡಿಕೊಳ್ಳುವುದು ಕೇಂದ್ರದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ. ಸಿಬ್ಬಂದಿಗೆ ತರಬೇತಿ ಕೊಡಿಸುವುದು ಯಾರ ಜವಾಬ್ದಾರಿ? ಕೆಲಸಕ್ಕೆ ಇಟ್ಟುಕೊಂಡವರದ್ದು. ಕೆಲಸಕ್ಕೆ ಕೂರಿಸುವ ಮೊದಲು ಕೊಡಿಸಬೇಕು, 24 ತಿಂಗಳಿಗೊಮ್ಮೆ ಮತ್ತೆ ಕೊಡಿಸಬೇಕು, ದಾಖಲೆ ಇಟ್ಟುಕೊಳ್ಳಬೇಕು. ನೀನು ಹೊರಗೆ ಮಾಡಿಕೊಂಡು ಬಂದರೂ ಕಂಪನಿ ತನ್ನ ಲೆಕ್ಕದಲ್ಲಿ ಮತ್ತೆ ಕೂರಿಸುವುದೇ ಜಾಸ್ತಿ. ಕೆಲಸ ಸಿಗುವಾಗ ತಡವಾಯಿತು ಅಂತಿಟ್ಟುಕೋ, ಕೈಯಲ್ಲಿರುವ ಕಾಗದದ ಅವಧಿ ಅಷ್ಟೂ ದಿನ ಸುಮ್ಮನೆ ಸವೆಯುತ್ತದೆ.

ಇನ್ನೊಂದು ವಿಷಯ ಇನ್‌ಸ್ಟಿಟ್ಯೂಟಿನವರು ಹೇಳಲಿಕ್ಕಿಲ್ಲ. ಎಲ್ಲರಿಗೂ ಒಂದೇ ಡಿಜಿಆರ್ ಅಂತ ಇಲ್ಲ. ಹಿಂದೆ 1ರಿಂದ 17ರವರೆಗೆ ಕೆಟಗರಿ ಇತ್ತು. ಹಳಬರು ಈಗಲೂ ‘ಕ್ಯಾಟ್ 6’, ‘ಕ್ಯಾಟ್ 9’ ಅಂತಲೇ ಮಾತಾಡುತ್ತಾರೆ. ಕ್ಯಾಟ್ 6 ಅಂದರೆ ಅಪಾಯಕಾರಿ ಕಾರ್ಗೋ ಸ್ವೀಕರಿಸುವವರು, ಕ್ಯಾಟ್ 9 ಪ್ರಯಾಣಿಕರ ಕೌಂಟರಿನವರು. 2023ರ ಜನವರಿಯಿಂದ ಅದು ಹೋಗಿ ಸಿಬಿಟಿಎ ಬಂದಿದೆ. ನೀನು ದಿನಾ ಮಾಡುವ ಕೆಲಸ ಯಾವುದು, ಅದನ್ನು ನೀನು ನಿಜವಾಗಿ ಮಾಡಬಲ್ಲೆಯಾ ಅಂತ ನೋಡುವ ಕ್ರಮ. ನಿನ್ನ ಕೆಲಸ ಯಾವುದೆಂದೇ ಇನ್ನೂ ಗೊತ್ತಿಲ್ಲ. ಹಾಗಿರುವಾಗ ಯಾವ ತರಬೇತಿಗೆ ದುಡ್ಡು ಕಟ್ಟುತ್ತೀಯಾ?

ಕುಂದಾಪುರದವರಿಗೆ ಒಂದು ಮಾತು. ಪುಸ್ತಕ ನೋಡಿ ಬರೆಯುವ ಪರೀಕ್ಷೆ ಹೌದು, ಪಾಸಾಗಲು ಸಾಮಾನ್ಯವಾಗಿ ನೂರಕ್ಕೆ 80 ಬೇಕು. ಆ ಪುಸ್ತಕದಲ್ಲಿ ನೀಲಿ ಹಾಳೆಗಳು ಅಂತ ಇವೆ. ಸಾವಿರಾರು ವಸ್ತುಗಳ ಪಟ್ಟಿ. ಒಂದೊಂದಕ್ಕೂ ಯುಎನ್ ನಂಬರ್ (ಆ ವಸ್ತುವನ್ನು ಎಲ್ಲಾ ದೇಶಗಳಲ್ಲೂ ಗುರುತಿಸುವ ಸಂಖ್ಯೆ), ವರ್ಗ (ಯಾವ ಬಗೆಯ ಅಪಾಯ ಅಂತ), ಪ್ರಯಾಣಿಕ ವಿಮಾನದಲ್ಲಿ ಎಷ್ಟು, ಕಾರ್ಗೋ ವಿಮಾನದಲ್ಲಿ ಎಷ್ಟು, ಯಾವ ಪ್ಯಾಕಿಂಗ್. ಇದನ್ನು ಬಾಯಿಪಾಠ ಮಾಡಿದವನು ಕೌಂಟರಿನಲ್ಲಿ ಕೂತರೆ ನನಗೆ ಹೆದರಿಕೆ. ‘ನನಗೆ ಗೊತ್ತುಂಟು’ ಅಂತ ಪುಸ್ತಕ ತೆಗೆಯದೆ ಸೀಲ್ ಹೊಡೆಯುವವನು ಅವನೇ. ಹೋದ ವರ್ಷ ಇದ್ದ ನಿಯಮ ಈ ವರ್ಷ ಇರುತ್ತದೆ ಅಂತ ಏನೂ ಇಲ್ಲ. ಸರಿಯಾದ ಸಾಲನ್ನು ಬೇಗ ಹುಡುಕಿ ಓದುವುದೇ ಅಲ್ಲಿ ವಿದ್ಯೆ.

ಕುಂದಾಪುರ ಲೋಕಲ್

ಸರಿ ಸರ್, ಒಪ್ಪಿದೆ. ಆದ್ರೂ ದಿನಾ ಲಕ್ಷಾಂತರ ಜನ ಹೋಗ್ತಾರೆ, ಏನೂ ಆಗುವುದಿಲ್ಲ. ಒಂದು ಕಾಗದದಿಂದ ವಿಮಾನ ಉಳಿಯುತ್ತದಾ?

ಬಜಪೆ ಹಳಬ

ಕಾಗದದಿಂದ ಉಳಿಯುವುದಿಲ್ಲ. ಕಾಗದದಿಂದ ಬಿದ್ದದ್ದುಂಟು.

1996ರ ಮೇ 11. ವ್ಯಾಲ್ಯೂಜೆಟ್ 592, ಮಿಯಾಮಿಯಿಂದ ಅಟ್ಲಾಂಟಾಕ್ಕೆ. ಕಂಪನಿಯದ್ದೇ ಸಾಮಾನು ಅಂತ ಐದು ಪೆಟ್ಟಿಗೆ ಕಾರ್ಗೋದಲ್ಲಿ ಹೋದವು, ಜೊತೆಗೆ ವಿಮಾನದ ಟೈರುಗಳು. ಪೆಟ್ಟಿಗೆಯೊಳಗೆ ಇದ್ದದ್ದು ಹಳೆ ಆಕ್ಸಿಜನ್ ಜನರೇಟರ್‌ಗಳು. ಪ್ರಯಾಣಿಕರ ತಲೆಯ ಮೇಲಿಂದ ಮಾಸ್ಕ್ ಬೀಳುತ್ತದಲ್ಲ, ಅದಕ್ಕೆ ಗಾಳಿ ಕೊಡುವ ಸಣ್ಣ ಡಬ್ಬಿಗಳು. ಅದರಲ್ಲಿ ತುಂಬಿಟ್ಟ ಗ್ಯಾಸ್ ಇರುವುದಿಲ್ಲ. ರಾಸಾಯನಿಕ ಉರಿದು ಆಮ್ಲಜನಕ ಹುಟ್ಟುತ್ತದೆ, ಆಗ ಡಬ್ಬಿಯ ಹೊರಮೈ ಇನ್ನೂರು ಡಿಗ್ರಿ ದಾಟಿ ಕಾಯುತ್ತದೆ. ಅವಧಿ ಮುಗಿದಿತ್ತು, ಆದರೆ ಖಾಲಿ ಆಗಿರಲಿಲ್ಲ. ಹಾಕಬೇಕಾದ ಸೇಫ್ಟಿ ಕ್ಯಾಪ್ ಹಾಕಿರಲಿಲ್ಲ. ಕಾಗದದಲ್ಲಿ ಮಾತ್ರ ‘ಖಾಲಿ’ ಅಂತ ಬರೆದಿತ್ತು. ಅದನ್ನು ನಂಬಿ ಏರಿಸಿದರು. ಟೇಕಾಫ್ ಆಗಿ ಸ್ವಲ್ಪ ಹೊತ್ತಿಗೆ ಬೆಂಕಿ. ವಿಮಾನ ಎವರ್‌ಗ್ಲೇಡ್ಸ್ ಜೌಗಿಗೆ ಬಿತ್ತು. 110 ಜನ, ಒಬ್ಬರೂ ಉಳಿಯಲಿಲ್ಲ. ಆ ಕಂಪನಿಗೆ ಅಪಾಯಕಾರಿ ವಸ್ತು ಸಾಗಿಸಲು ಅನುಮತಿಯೇ ಇರಲಿಲ್ಲ ಅನ್ನುವುದು ಬೇರೆ.

ನಾನು ಇದನ್ನು ಪ್ರತಿ ಬ್ಯಾಚಿಗೂ ಹೇಳುತ್ತಿದ್ದೆ. ಪೆಟ್ಟಿಗೆ ಏರಿಸುವ ಜಾಗದಲ್ಲಿ ಯಾರಾದರೂ ಒಬ್ಬರು ನಿಂತು ‘ಖಾಲಿ ಅಂದರೆ ಏನು? ಯಾರು ಖಾಲಿ ಮಾಡಿದ್ದು?’ ಅಂತ ಕೇಳಿದ್ದರೆ ಸಾಕಿತ್ತು. ಡಿಜಿಆರ್ ತರಬೇತಿಯಲ್ಲಿ ಕಲಿಯಬೇಕಾದದ್ದು ಆ ಪ್ರಶ್ನೆ. ಲೇಬಲ್ ಹಚ್ಚಿದ ಪೆಟ್ಟಿಗೆಗೆ ನಾನು ಯಾವತ್ತೂ ಹೆದರಿದ್ದಿಲ್ಲ. ಲೇಬಲ್ ಹಚ್ಚಿದವನಿಗೆ ಒಳಗೆ ಏನುಂಟು ಅಂತ ಗೊತ್ತುಂಟು. ಏನೂ ಬರೆಯದ ಪೆಟ್ಟಿಗೆ ಬಂದಾಗ ಮಾತ್ರ ನನ್ನ ಕೈ ನಿಧಾನ ಆಗುತ್ತಿತ್ತು.

ಗಲ್ಫ್ ರಿಟರ್ನ್

ಇಲ್ಲಿ ಒಬ್ಬರು ಒಳಗಿನವರು ಸಿಕ್ಕಿದ್ದಾರೆ, ಹಾಗಾಗಿ ನನ್ನ ಸಿಟ್ಟು ತೋಡಿಕೊಳ್ಳುತ್ತೇನೆ. ದುಬೈಗೆ ಹೋಗುವಾಗ ಅತ್ತೆ ಪ್ರೀತಿಯಿಂದ ಒಣ ಕೊಬ್ಬರಿ ಕಟ್ಟಿ ಕೊಟ್ಟಿದ್ದರು. ಚೆಕ್‌ಇನ್ ಬ್ಯಾಗು ಬಿಚ್ಚಿಸಿ ತೆಗೆಸಿದರು. ಎಲ್ಲರ ಎದುರು ಲುಂಗಿ, ಬನಿಯನ್ನು, ಹಪ್ಪಳ ಎಲ್ಲಾ ಹರಡಿ! ಕೇಳಿದರೆ ‘ಡೇಂಜರಸ್ ಗೂಡ್ಸ್ ಸರ್’ ಅಂತ ಒಂದೇ ಮಾತು. ಕೊಬ್ಬರಿ ಎಂಥ ಬಾಂಬಾ? ಉಪ್ಪಿನಕಾಯಿ ಬಿಟ್ಟರು, ಹಸಿ ತೆಂಗಿನಕಾಯಿ ಬಿಟ್ಟರು, ಕೊಬ್ಬರಿ ಮಾತ್ರ ಬೇಡ.

ಪುತ್ತೂರು ತೋಟ

ಅಣ್ಣ, ಸಿಟ್ಟು ಮಾಡಬೇಡಿ, ಕೊಬ್ಬರಿ ಬಿಸಿಯಾಗುವುದು ನಿಜ. ನಮ್ಮ ಅಜ್ಜನ ಮನೆಯಲ್ಲಿ ಕೊಬ್ಬರಿ ಗೋಣಿಯಲ್ಲಿ ತುಂಬಿಡುತ್ತಿದ್ದರು. ಮಳೆಗಾಲದಲ್ಲಿ ಸರಿ ಒಣಗದ್ದು ಏನಾದರೂ ಸೇರಿತೆಂದರೆ ಗೋಣಿಯ ನಡುವಿಗೆ ಕೈ ಹಾಕಿದಾಗ ಬೆಚ್ಚಗೆ ಇರುತ್ತಿತ್ತು. ಮೇಲೆ ತಣ್ಣಗೆ, ಒಳಗೆ ಬಿಸಿ, ಒಂಥರಾ ಕಮಟು ವಾಸನೆ. ಅಜ್ಜ ಕೂಡಲೇ ಅಂಗಳಕ್ಕೆ ಸುರಿಸಿ ಹರಡಿಸುತ್ತಿದ್ದರು. ಯಾವ ಡಿಜಿಆರೂ ಓದಿದವರಲ್ಲ.

ಬಜಪೆ ಹಳಬ

ಪುತ್ತೂರಿನವರು ನನ್ನ ಅರ್ಧ ಪಾಠ ಮಾಡಿಬಿಟ್ಟರು.

ಕೊಬ್ಬರಿಗೆ ಯುಎನ್ 1363 ಅಂತ ನಂಬರೇ ಉಂಟು. ವರ್ಗ 4.2, ಅಂದರೆ ಹೊರಗಿನಿಂದ ಕಿಡಿ ಬೇಡ, ತಾನಾಗಿ ಬಿಸಿಯೇರುವ ವಸ್ತು. ಅದರಲ್ಲಿ ಎಣ್ಣೆ ಜಾಸ್ತಿ. ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರುವಾಗ ಶಾಖ ಹುಟ್ಟುತ್ತದೆ. ತೇವ ಇದ್ದರೆ ಬೂಸ್ಟು ಬಂದು ಅದರ ಬಿಸಿಯೂ ಸೇರುತ್ತದೆ. ಒತ್ತಿ ತುಂಬಿದ ಜಾಗದಲ್ಲಿ ಆ ಬಿಸಿಗೆ ಹೊರಗೆ ಹೋಗಲು ದಾರಿಯಿಲ್ಲ. ಹಸಿ ತೆಂಗಿನಕಾಯಿಗೆ ಈ ಸಮಸ್ಯೆ ಇಲ್ಲ. ಉಪ್ಪಿನಕಾಯಿ, ತೆಂಗಿನೆಣ್ಣೆ ಅಪಾಯಕಾರಿ ವಸ್ತು ಅಲ್ಲವೇ ಅಲ್ಲ. ಅದಕ್ಕೆ ತಕರಾರು ಬಂದರೆ ಅದು ಸೋರುತ್ತದೆ ಅಂತಲೋ, ಕೈಚೀಲದ ದ್ರವದ ನಿಯಮ ಅಂತಲೋ ಇರಬಹುದು, ಇಲ್ಲವೇ ಆ ವಿಮಾನ ಕಂಪನಿಯ ಸ್ವಂತ ನಿಯಮ. ನಮ್ಮ ಕಡೆ ಇದೆಲ್ಲಾ ಒಟ್ಟು ಕಲಸಿ ಹೋಗಿದೆ.

ನಿಮ್ಮ ಅತ್ತೆಯ ಎರಡು ಹೋಳು ಕೊಬ್ಬರಿಯಿಂದ ಏನಾಗುತ್ತಿತ್ತು ಅಂತ ಕೇಳಿದರೆ, ಬಹುಶಃ ಏನೂ ಇಲ್ಲ. ಆದರೆ ಪ್ರಯಾಣಿಕರು ಒಯ್ಯಬಹುದಾದ ವಸ್ತುಗಳಿಗೆ ಪುಸ್ತಕದಲ್ಲಿ ಒಂದು ಪಟ್ಟಿ ಉಂಟು, 2.3 ಅಂತ. ಅಪಾಯಕಾರಿ ಅಂತ ಹೆಸರು ಬಂದ ಯಾವುದೇ ವಸ್ತು ಆ ಪಟ್ಟಿಯಲ್ಲಿ ಇದ್ದರೆ ಮಾತ್ರ ಒಯ್ಯಬಹುದು. ಕೊಬ್ಬರಿ ಅದರಲ್ಲಿ ಇಲ್ಲ. ಸೆಂಟು ಉಂಟು. ಒಂದೊಂದು ಬಾಟಲಿ ಅರ್ಧ ಲೀಟರ್ ಮೀರಬಾರದು, ಒಟ್ಟು ಎರಡು ಲೀಟರ್ ಮೀರಬಾರದು. ಮದ್ಯವೂ ಉಂಟು, ಶೇ 24ರಿಂದ 70ರೊಳಗಿನದ್ದು ಅಂಗಡಿ ಪ್ಯಾಕಿಂಗಿನಲ್ಲಿ ಐದು ಲೀಟರ್ ತನಕ. (ಕಸ್ಟಮ್ಸ್ ಲೆಕ್ಕ ಬೇರೆ, ಅದನ್ನು ನನ್ನ ಹತ್ತಿರ ಕೇಳಬೇಡಿ.)

ಅವರು ನಿಮ್ಮ ಲುಂಗಿ ಹರಡಿಸಿದ ರೀತಿ ಸರಿಯಲ್ಲ, ಅದನ್ನು ಒಪ್ಪುತ್ತೇನೆ. ‘ಡೇಂಜರಸ್ ಗೂಡ್ಸ್ ಸರ್’ ಅನ್ನುವುದು ಉತ್ತರವೇ ಅಲ್ಲ. ‘ಇದು ಒಳಗೆ ಬಿಸಿಯಾಗುತ್ತದೆ ಅಣ್ಣ, ಹಾಗಾಗಿ ಬಿಡುವುದಿಲ್ಲ’ ಅಂದಿದ್ದರೆ ನೀವು ಗೊಣಗಿಕೊಂಡಾದರೂ ತೆಗೆಯುತ್ತಿದ್ದಿರಿ, ಅಲ್ವಾ?

ಗಲ್ಫ್ ರಿಟರ್ನ್

ಗೊಣಗುತ್ತಿದ್ದೆ 😀 ಆದರೆ ತೆಗೆಯುತ್ತಿದ್ದೆ. ಅತ್ತೆಗೆ ಏನು ಹೇಳುವುದು ಅಂತ ನೀವೇ ಹೇಳಿಕೊಡಬೇಕು.

ಮಲ್ಪೆ ದಕ್ಕೆ

ನನ್ನದೂ ಇಂಥದ್ದೇ ಒಂದು ಕತೆ. ಬೋಟಿನ ಔಟ್‌ಬೋರ್ಡ್ ಇಂಜಿನ್‌ನ ಫ್ಯುಯೆಲ್ ಪಂಪ್ ಹಾಳಾಗಿತ್ತು. ರಿಪೇರಿಗೆ ಅರ್ಜೆಂಟಾಗಿ ಮುಂಬಯಿಗೆ ಏರ್ ಕಾರ್ಗೋದಲ್ಲಿ ಕಳಿಸಲು ಹೋದೆ. ‘ಬೋಟ್ ಸ್ಪೇರ್ ಪಾರ್ಟ್ಸ್’ ಅಂತ ಬರೆದುಕೊಟ್ಟೆ. ಕೌಂಟರಿನ ಹುಡುಗ ತಗೊಳ್ಳಲೇ ಇಲ್ಲ, ವಾಪಸ್ ಕಳಿಸಿದ. ಸೀಸನ್ ಸಮಯ, ಬೋಟ್ ಕಟ್ಟಿ ಹಾಕಿದರೆ ದಿನಕ್ಕೆ ಎಷ್ಟು ನಷ್ಟ ಅಂತ ಅವನಿಗೆ ಗೊತ್ತುಂಟಾ?

ಕಾರ್ಗೋ ಕೌಂಟರ್

ಆ ಹುಡುಗ ನಾನಲ್ಲ, ಆದರೆ ಅದೇ ಕೆಲಸ ಮಾಡುವವನು.

ಒಮ್ಮೆ ನನ್ನ ಹತ್ತಿರವೂ ಹೀಗೇ ‘ಪಾರ್ಟ್ಸ್’ ಅಂತ ಒಂದು ಪೆಟ್ಟಿಗೆ ಬಂತು. ಟೇಪು ಸುತ್ತಿ ಸುತ್ತಿ ಚಂದ ಕಟ್ಟಿದ್ದರು. ಎತ್ತಿದಾಗ ಸಣ್ಣಗೆ ವಾಸನೆ. ಪಾರ್ಟಿಯ ಎದುರಿಗೇ ಬಿಚ್ಚಿಸಿದೆ. ಒಳಗೆ ಪಂಪನ್ನು ಥರ್ಮಾಕೋಲಿನಲ್ಲಿ ಕೂರಿಸಿದ್ದರು. ಪಂಪಿನ ಬಾಯಿ ತಾಗಿದ ಕಡೆ ಥರ್ಮಾಕೋಲ್ ಕರಗಿ ಅಂಟು ಅಂಟಾಗಿ ಗುಳಿ ಬಿದ್ದಿತ್ತು. ಪೆಟ್ರೋಲ್ ಥರ್ಮಾಕೋಲನ್ನು ತಿನ್ನುತ್ತದೆ. ಅಂದರೆ ‘ಪೂರಾ ಖಾಲಿ ಮಾಡಿದ್ದೇನೆ’ ಅಂದ ಪಂಪು ದಾರಿಯುದ್ದಕ್ಕೂ ತೊಟ್ಟಿಕ್ಕುತ್ತಿತ್ತು. ಅವರು ಸುಳ್ಳು ಹೇಳಿದ್ದಲ್ಲ, ಬಗ್ಗಿಸಿ ಸುರಿದಿದ್ದರು ಅಷ್ಟೇ. ಒಳಗೆ ಡಯಾಫ್ರಮಿನ ಹಿಂದೆ ಉಳಿದದ್ದು ಬರುವುದಿಲ್ಲ.

ಅಣ್ಣ, ‘ಬೋಟ್ ಪಾರ್ಟ್ಸ್’ ಅಂತ ಬರೆದರೆ ನಮಗೆ ಕಿವಿ ನೆಟ್ಟಗಾಗುತ್ತದೆ. ಹಡಗು, ಬೋಟಿನ ಬಿಡಿಭಾಗಗಳು ಪುಸ್ತಕದಲ್ಲೇ ಅನುಮಾನದ ಪಟ್ಟಿಯಲ್ಲಿವೆ. ಯಾಕೆಂದರೆ ಆ ಹೆಸರಿನಲ್ಲಿ ಏನೂ ಬರಬಹುದು. ತಾನಾಗಿ ಊದಿಕೊಳ್ಳುವ ಲೈಫ್ ಜಾಕೆಟ್ ಇದ್ದರೆ ಅದರಲ್ಲಿ ಗ್ಯಾಸ್ ಸಿಲಿಂಡರ್. ಅಪಾಯದಲ್ಲಿ ಹಾರಿಸುವ ಫ್ಲೇರ್ ಇದ್ದರೆ ಅದು ಸ್ಫೋಟಕ. ಸಿಗ್ನಲ್ ಕಳಿಸುವ ಬೀಕನ್ ಇದ್ದರೆ ಲಿಥಿಯಂ ಬ್ಯಾಟರಿ. ಪೇಂಟ್, ಥಿನ್ನರ್ ಇದ್ದರೆ ವರ್ಗ 3, ಬೆಂಕಿ ಹಿಡಿಯುವ ದ್ರವ. ಹಾಗಾಗಿ ಬರೆಯುವಾಗ ‘ಫ್ಯುಯೆಲ್ ಪಂಪ್, ಬಳಸಿದ್ದು’ ಅಂತ ಬಿಡಿಸಿ ಬರೆಯಿರಿ. ಪೂರ್ತಿ ಬಿಚ್ಚಿ, ತೊಳೆದು, ಒಣಗಿಸಿ, ಇಂಧನ ಉಳಿದಿಲ್ಲ ಅಂತ ಮೆಕ್ಯಾನಿಕ್ ಕೈಯಿಂದ ಬರೆಸಿ ತನ್ನಿ. ಅವಸರ ಇದ್ದರೆ ಹಿಂದಿನ ದಿನವೇ ಫೋನ್ ಮಾಡಿ ಏನು ಬೇಕು ಅಂತ ಕೇಳಿ.

ನಿಮ್ಮ ನಷ್ಟ ನಮಗೆ ಗೊತ್ತಾಗುವುದಿಲ್ಲ ಅಂತಲ್ಲ. ಇಲ್ಲಿಂದ ಸಾಮಾನು ಹೆಚ್ಚಾಗಿ ಹೋಗುವುದು ಪ್ರಯಾಣಿಕ ವಿಮಾನದ ಹೊಟ್ಟೆಯಲ್ಲಿ. ಮೇಲೆ ನಮ್ಮ ನಿಮ್ಮ ಮನೆಯವರೇ ಕೂತಿರುತ್ತಾರೆ.

ಮಲ್ಪೆ ದಕ್ಕೆ

ಥರ್ಮಾಕೋಲ್ ಕರಗುವುದು ನಾನೂ ನೋಡಿದ್ದೇನೆ. ಸರಿ. ಮೀನಿನ ಬಾಕ್ಸಿಗೂ ಒಮ್ಮೆ ತಕರಾರು ಮಾಡಿದ್ದರು, ಅದೂ ಇದೇ ಲೆಕ್ಕವಾ?

ಕಾರ್ಗೋ ಕೌಂಟರ್

ಮೀನು ಅಪಾಯಕಾರಿ ಅಲ್ಲ. ಜೊತೆಗೆ ಹಾಕಿದ್ದು ಏನು ಅನ್ನುವುದು ಮುಖ್ಯ. ಮಾಮೂಲಿ ಐಸ್, ಜೆಲ್ ಪ್ಯಾಕ್ ಆದರೆ ಸೋರಬಾರದು ಅಷ್ಟೇ, ಉಪ್ಪು ನೀರು ವಿಮಾನದ ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಡ್ರೈ ಐಸ್ ಆದರೆ ಯುಎನ್ 1845, ವರ್ಗ 9. ಮೈನಸ್ 78 ಡಿಗ್ರಿಯ ಗಟ್ಟಿ ಇಂಗಾಲದ ಡೈಆಕ್ಸೈಡ್ ಅದು. ನೀರಾಗುವುದಿಲ್ಲ, ನೇರ ಗಾಳಿಯಾಗುತ್ತದೆ. ಪೆಟ್ಟಿಗೆಯನ್ನು ಗಾಳಿಯಾಡದಂತೆ ಟೇಪು ಸುತ್ತಿದರೆ ಒತ್ತಡ ಏರಿ ಒಡೆಯುತ್ತದೆ. ನಮ್ಮವರಿಗೆ ಟೇಪು ಸುತ್ತುವ ಹುಚ್ಚು ಬೇರೆ. ಎಷ್ಟು ಕಿಲೋ ಡ್ರೈ ಐಸ್ ಅಂತ ಹೊರಗೆ ಬರೆದಿರಬೇಕು. ಅದೇ ಹೋಲ್ಡಿನಲ್ಲಿ (ವಿಮಾನದ ಹೊಟ್ಟೆಯ ಸಾಮಾನು ಕೋಣೆ) ಯಾರದ್ದೋ ನಾಯಿ ಹೋಗುತ್ತಿದ್ದರೆ ಪಕ್ಕದಲ್ಲಿ ಇಡುವ ಹಾಗಿಲ್ಲ, ಪಾಪದ ಪ್ರಾಣಿಗೆ ಉಸಿರು ಕಟ್ಟುತ್ತದೆ.

ಮಣಿಪಾಲ ಲ್ಯಾಬ್

ಟೇಪಿನ ಮಾತು ಬಂತಲ್ಲ, ನಮ್ಮಲ್ಲಿ ಸ್ಯಾಂಪಲ್ ಕಳಿಸುವ ಹೊಸಬರಿಗೂ ಅದನ್ನೇ ಹೇಳುತ್ತೇವೆ. ರಕ್ತ, ಕಫದ ಸ್ಯಾಂಪಲ್ ಹೆಚ್ಚಿನವು ಯುಎನ್ 3373. ಸೋರದ ಟ್ಯೂಬ್, ಅದರ ಸುತ್ತ ಹೀರುವ ಹತ್ತಿ, ಅದನ್ನು ಹಾಕಲು ಸೋರದ ಇನ್ನೊಂದು ಡಬ್ಬಿ, ಅದರ ಹೊರಗೆ ಗಟ್ಟಿ ಪೆಟ್ಟಿಗೆ. 1.2 ಮೀಟರ್ ಎತ್ತರದಿಂದ ಬಿದ್ದರೂ ಒಳಗಿನದ್ದು ಸೋರಬಾರದು. ಡ್ರೈ ಐಸ್ ಹಾಕುವುದಾದರೆ ಎರಡನೇ ಡಬ್ಬಿಯ ಹೊರಗೆ, ಒಳಗಲ್ಲ.

ಕಾಪು ಬೀಚ್ ಅವರೇ, ವಿಕಿರಣದ ಲೇಬಲ್ ಯಾಕೆ ಅಂತ ಕೇಳಿದ್ದೀರಲ್ಲ. ಥೈರಾಯ್ಡ್ ಕಾಯಿಲೆಗೆ ಕೊಡುವ ಅಯೋಡಿನ್-131 ಎಂಟು ದಿನಕ್ಕೆ ಅರ್ಧ ಆಗುತ್ತದೆ. ಸ್ಕ್ಯಾನಿಗೆ ಬಳಸುವ ಟೆಕ್ನೀಷಿಯಂ-99ಎಂ ಆರೇ ಗಂಟೆಗೆ ಅರ್ಧ. ಹಾಗಾಗಿ ಇಂಥದ್ದನ್ನು ಗೋಡೌನಿನಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ, ವಿಮಾನದಲ್ಲಿ ಓಡಾಡಿಸಬೇಕು. ಹಳದಿ ಲೇಬಲ್ ನೋಡಿ ಹೆದರಿ ‘ಇದು ಬೇಡ, ನಾಳೆ ನೋಡೋಣ’ ಅಂತ ಒಬ್ಬರು ಬದಿಗಿಟ್ಟರೆ ಇಲ್ಲಿ ರೋಗಿಯ ಅಪಾಯಿಂಟ್‌ಮೆಂಟ್ ಮುಂದಕ್ಕೆ ಹೋಗುತ್ತದೆ. ತರಬೇತಿ ಬೇಕಾಗುವುದು ನಿಲ್ಲಿಸುವುದಕ್ಕೆ ಮಾತ್ರ ಅಲ್ಲ, ಸರಿಯಾಗಿ ಕಟ್ಟಿದ್ದನ್ನು ಧೈರ್ಯದಿಂದ ಬಿಡುವುದಕ್ಕೂ.

ಬಜಪೆ ಹಳಬ

ಭಾರಿ ಒಳ್ಳೆ ಮಾತು. ನಾನು ಇದನ್ನು ಬರೆಯಲು ಮರೆಯುತ್ತಿದ್ದೆ.

ಸುರತ್ಕಲ್ ಸಂಜೆ

ಒಂದು ಡೌಟು. 2020ರ ಜನವರಿಯಲ್ಲಿ ನಮ್ಮ ಏರ್‌ಪೋರ್ಟಿನಲ್ಲಿ ಬ್ಯಾಗಿನಲ್ಲಿ ಬಾಂಬ್ ಇಟ್ಟಿದ್ದರಲ್ಲ, ಅದನ್ನು ಹಿಡಿಯುವುದೂ ಇದೇ ಟ್ರೈನಿಂಗಾ?

ಬಜಪೆ ಹಳಬ

ಅಲ್ಲ. ಅದು ಭದ್ರತೆ, ಸಿಐಎಸ್‌ಎಫ್ ಮತ್ತು ವಿಮಾನಯಾನ ಭದ್ರತೆ ನೋಡಿಕೊಳ್ಳುವ ಬಿಸಿಎಎಸ್ ಲೆಕ್ಕ. ಅಲ್ಲಿ ಎದುರಿಗಿರುವುದು ಕೆಟ್ಟ ಉದ್ದೇಶ ಇರುವವನು. ಡಿಜಿಆರ್‌ನಲ್ಲಿ ಎದುರಿಗಿರುವುದು ಒಳ್ಳೆಯವನೇ, ಅತ್ತೆ ಕೊಟ್ಟ ಕೊಬ್ಬರಿ ಹಿಡಿದುಕೊಂಡವನು. ಅದಕ್ಕೇ ಇದು ಕಷ್ಟ. ಸ್ಕ್ರೀನಿಂಗ್ ಮಾಡುವವರಿಗೂ ಡಿಜಿಆರ್ ತರಬೇತಿ ಆಗಿರಬೇಕು, ಅದು ಹೌದು.

ಕಾಪು ಬೀಚ್

ಅಣ್ಣ, ಓದಿ ಓದಿ ತಲೆ ತಿರುಗಿತು, ಆದರೆ ಈಗ ಆಸಕ್ತಿ ಬಂತು. ಚೆಕ್‌ಇನ್ ಕೌಂಟರಿನಲ್ಲಿ ನಾನು ನಿಜವಾಗಿ ಏನು ಮಾಡಬೇಕು? ‘ಡೇಂಜರಸ್ ಗೂಡ್ಸ್ ಇದೆಯಾ?’ ಅಂತ ಕೇಳಿ, ಕೌಂಟರಿನ ಎದುರಿಗಿರುವ ಒಯ್ಯಬಾರದ ಸಾಮಾನಿನ ಫೋಟೋ ತೋರಿಸಿದರೆ ಆಯಿತು ಅಂತ ಕ್ಲಾಸಿನಲ್ಲಿ ಹೇಳಿದ್ದಾರೆ.

ಬಜಪೆ ಹಳಬ

ಹಾಗೆ ಕೇಳಿದರೆ ನೂರಕ್ಕೆ ನೂರು ಜನ ‘ಇಲ್ಲ’ ಅನ್ನುತ್ತಾರೆ. ಯಾರು ತಾನೇ ತನ್ನ ಬ್ಯಾಗಿನಲ್ಲಿ ಅಪಾಯ ಉಂಟು ಅಂದುಕೊಳ್ಳುತ್ತಾರೆ? ಸಾಮಾನಿನ ಹೆಸರು ಹಿಡಿದು ಕೇಳು. ‘ಪವರ್ ಬ್ಯಾಂಕ್ ಎಲ್ಲಿಟ್ಟಿದ್ದೀರಿ?’ ‘ಇದೆಯಾ’ ಅಂತ ಕೇಳಬೇಡ, ‘ಎಲ್ಲಿಟ್ಟಿದ್ದೀರಿ’ ಅಂತಲೇ ಕೇಳು. ಕೂಡಲೇ ಕೈ ಬ್ಯಾಗಿನ ಕಡೆ ಹೋಗುತ್ತದೆ, ಎಷ್ಟೋ ಸಲ ದೊಡ್ಡ ಬ್ಯಾಗಿನ ಕಡೆ. ವಯಸ್ಸಾದವರು ಬಂದರೆ ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಮಾತಾಡಿಸು. ‘ಮಗಳ ಮನೆಗೆ ಏನೆಲ್ಲಾ ಕಟ್ಟಿದ್ದೀರಿ ಅಮ್ಮ?’ ಅಂದರೆ ಸಾಕು, ಪಟ್ಟಿ ಅವರೇ ಹೇಳುತ್ತಾರೆ. ನೀನು ಸುಮ್ಮನೆ ಕೇಳಿಸಿಕೊಂಡರಾಯಿತು.

ಪವರ್ ಬ್ಯಾಂಕ್ ವಿಷಯ ಚೆನ್ನಾಗಿ ತಿಳಿದುಕೋ, ಇವತ್ತು ನಿನ್ನ ಕೆಲಸದಲ್ಲಿ ಅದೇ ಜಾಸ್ತಿ. ಅದು ಕೈಚೀಲದಲ್ಲೇ ಇರಬೇಕು, ಚೆಕ್‌ಇನ್ ಬ್ಯಾಗಿನಲ್ಲಿ ಯಾವತ್ತೂ ಇಲ್ಲ. ಲಿಥಿಯಂ ಬ್ಯಾಟರಿಯ ಒಂದು ಸೆಲ್ ಕೆಟ್ಟು ಕಾಯಲು ಶುರುವಾದರೆ ಪಕ್ಕದ ಸೆಲ್ಲನ್ನೂ ಕಾಯಿಸುತ್ತದೆ. ಹೋಲ್ಡಿನಲ್ಲಿ ಹ್ಯಾಲನ್ ಗ್ಯಾಸ್ ಬಿಡುವ ವ್ಯವಸ್ಥೆ ಉಂಟು, ಅದು ಜ್ವಾಲೆ ನಂದಿಸುತ್ತದೆ. ಆದರೆ ಸೆಲ್ಲಿನ ಒಳಗಿನ ಕಾವನ್ನು ತಣಿಸುವುದಿಲ್ಲ. ಕ್ಯಾಬಿನ್‌ನಲ್ಲಿ ಆದರೆ ಹೊಗೆ ಕಣ್ಣಿಗೆ ಬೀಳುತ್ತದೆ, ಕ್ಯಾಬಿನ್ ಸಿಬ್ಬಂದಿ ಬೆಂಕಿ ನಂದಿಸಿ ಮೇಲಿಂದ ನೀರು ಸುರಿದು ತಣಿಸುತ್ತಾರೆ. 2010ರ ಸೆಪ್ಟೆಂಬರ್ 3ರಂದು ದುಬೈಯಲ್ಲಿ ಯುಪಿಎಸ್‌ನ ಕಾರ್ಗೋ ವಿಮಾನ ಬಿದ್ದು ಇಬ್ಬರೂ ಪೈಲಟ್‌ಗಳು ತೀರಿಹೋದರು. ಬೆಂಕಿ ಹತ್ತಿದ ಸರಕಿನಲ್ಲಿ ಲಿಥಿಯಂ ಬ್ಯಾಟರಿಗಳಿದ್ದವು. 2016ರ ಏಪ್ರಿಲ್‌ನಿಂದ ಬಿಡಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಪ್ರಯಾಣಿಕ ವಿಮಾನದ ಕಾರ್ಗೋದಲ್ಲಿ ಹಾಕುವ ಹಾಗೇ ಇಲ್ಲ.

ಲೆಕ್ಕ ಹೀಗೆ: ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ವ್ಯಾಟ್-ಅವರ್. 20,000 ಎಂಎಎಚ್ ಅಂದರೆ 20 ಆಂಪಿಯರ್-ಅವರ್, ಅದನ್ನು 3.7ರಿಂದ ಗುಣಿಸಿದರೆ 74. ನೂರರ ಒಳಗೆ, ಹಾಗಾಗಿ ಪರವಾಗಿಲ್ಲ. 30,000 ಆದರೆ 111, ಅದಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. 160 ದಾಟಿದರೆ ಬ್ಯಾಗಿನಲ್ಲಿ ಒಯ್ಯುವ ಹಾಗೇ ಇಲ್ಲ. ಮೇಲಿನ ಅಕ್ಷರ ಅಳಿಸಿಹೋದ, ಹೊಟ್ಟೆ ಉಬ್ಬಿದ ಪವರ್ ಬ್ಯಾಂಕ್ ಕಂಡರೆ ಲೆಕ್ಕ ಹಾಕಲು ಕೂರಬೇಡ, ಅದು ಹೋಗುವುದೇ ಬೇಡ.

ಎಲ್ಲಕ್ಕಿಂತ ಜಾಸ್ತಿ ತಪ್ಪುವ ಜಾಗ ಒಂದುಂಟು, ಕ್ಲಾಸಿನಲ್ಲಿ ಬೇಗ ಮುಗಿಸಿಬಿಡುತ್ತಾರೆ. ಬೆಂಗಳೂರಿಗೆ ಹೋಗುವ ಎಟಿಆರ್ ಅನ್ನುವ ಸಣ್ಣ ವಿಮಾನ. ಅದರ ಮೇಲಿನ ಕಪಾಟು ಸಣ್ಣದು. ಗೇಟಿನಲ್ಲಿ, ಇಲ್ಲವೇ ಏಣಿಯ ಬುಡದಲ್ಲಿ ‘ಸರ್ ಬ್ಯಾಗ್ ಕೊಡಿ, ಕೆಳಗೆ ಹಾಕುತ್ತೇವೆ’ ಅಂತ ಟ್ಯಾಗ್ ಕಟ್ಟಿ ತೆಗೆದುಕೊಳ್ಳುತ್ತಾರೆ. ಕೈಚೀಲ ಅಂತ ತಂದದ್ದು ಆ ಕ್ಷಣಕ್ಕೆ ಹೋಲ್ಡಿನ ಬ್ಯಾಗು ಆಯಿತು. ಒಳಗೆ ಪವರ್ ಬ್ಯಾಂಕ್, ಲ್ಯಾಪ್‌ಟಾಪಿನ ಬಿಡಿ ಬ್ಯಾಟರಿ ಎಲ್ಲಾ ಹಾಗೇ ಉಂಟು. ಮಳೆ ಸುರಿಯುತ್ತಿರುತ್ತದೆ, ಹಿಂದೆ ಕ್ಯೂ, ಸೂಪರ್‌ವೈಸರ್ ವಾಕಿಟಾಕಿಯಲ್ಲಿ ಬೇಗ ಬೇಗ ಅನ್ನುತ್ತಿರುತ್ತಾರೆ. ಆಗ ನಿಂತು ‘ಪವರ್ ಬ್ಯಾಂಕ್ ತೆಗೆದುಕೊಳ್ಳಿ’ ಅಂತ ಒಬ್ಬೊಬ್ಬರಿಗೂ ಹೇಳಲು ಗಟ್ಟಿ ಮನಸ್ಸು ಬೇಕು. ಹೊಸಬರನ್ನು ನಾನು ಅಳೆಯುತ್ತಿದ್ದದ್ದು ಅಲ್ಲೇ, ಪರೀಕ್ಷೆಯ ಮಾರ್ಕಿನಲ್ಲಿ ಅಲ್ಲ.

ಗಲ್ಫ್ ರಿಟರ್ನ್

ಎಮಿರೇಟ್ಸ್‌ನಲ್ಲಂತೂ 2025ರ ಅಕ್ಟೋಬರ್‌ನಿಂದ ವಿಮಾನದೊಳಗೆ ಪವರ್ ಬ್ಯಾಂಕ್ ಬಳಸಲೇ ಬಾರದು, ಒಂದೇ ಒಯ್ಯಬೇಕು ಅಂತ ಮಾಡಿದ್ದಾರೆ. ದುಬೈಯಿಂದ ಮುಂದಕ್ಕೆ ಹೋಗುವವರು ನೋಡಿಕೊಳ್ಳಿ.

ಕಾರ್ಗೋ ಕೌಂಟರ್

ಅದೇ ವರ್ಷ ಜನವರಿಯಲ್ಲಿ ಕೊರಿಯಾದಲ್ಲಿ ಏರ್ ಬುಸಾನ್ ವಿಮಾನ ನೆಲದ ಮೇಲೇ ಸುಟ್ಟುಹೋಯಿತಲ್ಲ, ಎಲ್ಲರೂ ಹೊರಗೆ ಬಂದದ್ದೇ ಪುಣ್ಯ. ಮೇಲಿನ ಕಪಾಟಿನಲ್ಲಿದ್ದ ಪವರ್ ಬ್ಯಾಂಕಿನ ಮೇಲೆಯೇ ಅನುಮಾನ. ಆಮೇಲೆ ಅಲ್ಲಿ ಪವರ್ ಬ್ಯಾಂಕನ್ನು ಕಪಾಟಿನಲ್ಲಿ ಇಡುವ ಹಾಗಿಲ್ಲ, ಹತ್ತಿರವೇ ಇಟ್ಟುಕೊಳ್ಳಬೇಕು ಅಂತ ಮಾಡಿದರು.

ಕಾಪು ಬೀಚ್

ಇವತ್ತು ಇನ್‌ಸ್ಟಿಟ್ಯೂಟಿನಲ್ಲಿ ಕೇಳಿದೆ. ‘ನಿಮ್ಮ ಡಿಜಿಆರ್ ಕೋರ್ಸಿಗೆ ಡಿಜಿಸಿಎ ಒಪ್ಪಿಗೆ ಉಂಟಾ? ಯಾವ ಕೆಲಸದವರಿಗೆ?’ ಅಂತ. ಮೊದಲು ‘ಎಲ್ಲಾ ಕೆಲಸಕ್ಕೂ ಆಗುತ್ತದೆ’ ಅಂದರು. ಪತ್ರ ತೋರಿಸಿ ಅಂದದ್ದಕ್ಕೆ ‘ಇದು ಅವೇರ್‌ನೆಸ್ ಕೋರ್ಸ್ ಮಾತ್ರ’ ಅಂದರು. ನಾನು ಕಟ್ಟುತ್ತಿಲ್ಲ. ಅಪ್ಪನಿಗೆ ಖುಷಿ. ಆದರೆ ಇಂಟರ್‌ವ್ಯೂನಲ್ಲಿ ‘ಡಿಜಿಆರ್ ಆಗಿದೆಯಾ’ ಅಂತ ಕೇಳಿದರೆ ಏನು ಹೇಳಲಿ?

ಬಜಪೆ ಹಳಬ

‘ಆಗಿಲ್ಲ, ನೀವು ಕೊಡಿಸಿದರೆ ಮಾಡುತ್ತೇನೆ’ ಅನ್ನು. ಅದರ ಹಿಂದೆಯೇ ನೀನೂ ಒಂದು ಕೇಳು: ‘ಕೌಂಟರಿಗೆ ಕೂರಿಸುವ ಮೊದಲು ತರಬೇತಿ ಕೊಡುತ್ತೀರಾ, ಕೂರಿಸಿದ ಮೇಲಾ?’ ಒಳ್ಳೆ ಕಡೆಯಾದರೆ ಈ ಪ್ರಶ್ನೆಗೆ ಮುಖ ಅರಳುತ್ತದೆ. ‘ಅದೆಲ್ಲ ಆಮೇಲೆ ನೋಡೋಣ’ ಅಂದರೆ ಸ್ವಲ್ಪ ಯೋಚನೆ ಮಾಡು. ಇನ್ನೊಂದು, ಮುಂದೆ ರಿನ್ಯೂವಲ್ ಬರುವಾಗ ಕೊನೆಯ ಮೂರು ತಿಂಗಳ ಒಳಗೆ ಮಾಡಿಕೊಂಡರೆ ಹಳೇ ಅವಧಿ ಮುಗಿಯುವಲ್ಲಿಂದಲೇ ಹೊಸ 24 ತಿಂಗಳು ಲೆಕ್ಕಕ್ಕೆ ಬರುತ್ತದೆ. ಕೊನೇ ದಿನದವರೆಗೆ ಕಾಯಬೇಡ. ಅವಧಿ ತಪ್ಪಿದರೆ ಆ ಕೆಲಸಕ್ಕೆ ಕೂರುವ ಹಾಗಿಲ್ಲ.

ಚಾರ್ಟ್ ಬಾಯಿಪಾಠ ಮಾಡು, ನಷ್ಟ ಇಲ್ಲ. ಒಂಬತ್ತೇ ವರ್ಗ.

ಉಡುಪಿ ರಥಬೀದಿ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಮಗ ಸೊಸೆ ದುಬೈಯಲ್ಲಿದ್ದಾರೆ, ಹೊಸ ಮನೆ ಪೂಜೆ. ಮುಂದಿನ ವಾರ ಹೋಗುತ್ತಿದ್ದೇವೆ. ಮಲ್ಲಿಗೆ, ಊದುಬತ್ತಿ, ಕರ್ಪೂರ ಒಯ್ಯಬಹುದಾ? ಇದನ್ನೆಲ್ಲಾ ಓದಿ ಹೆದರಿಕೆ ಶುರುವಾಯಿತು.

ಕಾರ್ಗೋ ಕೌಂಟರ್

ಶಂಕರಪುರ ಮಲ್ಲಿಗೆ ಧಾರಾಳವಾಗಿ ಒಯ್ಯಿರಿ ಅಮ್ಮ, ಹೂವಿಗೆ ಯಾವ ಯುಎನ್ ನಂಬರೂ ಇಲ್ಲ. ಊದುಬತ್ತಿಯ ಬಗ್ಗೆ ನಿಮ್ಮ ವಿಮಾನ ಕಂಪನಿಗೆ ಒಂದು ಫೋನ್ ಮಾಡಿ ಕೇಳಿಬಿಡಿ. ಕರ್ಪೂರ ಬೇಡ. ಪೂಜೆಗೆ ಉರಿಸುವ ಸಿಂಥೆಟಿಕ್ ಕರ್ಪೂರ ಯುಎನ್ 2717, ವರ್ಗ 4.1, ಬೆಂಕಿ ಹಿಡಿಯುವ ಘನ ವಸ್ತು. ಪ್ರಯಾಣಿಕರ ಪಟ್ಟಿಯಲ್ಲಿ ಅದು ಇಲ್ಲ. ಬೆಂಕಿಪೊಟ್ಟಣವನ್ನೂ ಬ್ಯಾಗಿಗೆ ಹಾಕಬೇಡಿ. ದುಬೈಯಲ್ಲಿ ಪೂಜೆ ಸಾಮಾನಿನ ಅಂಗಡಿಗಳಿವೆ, ಮಗನಿಗೆ ಹೇಳಿ ಅಲ್ಲೇ ತರಿಸಿಬಿಡಿ.